ಐವತ್ತು ತುಂಡಿನ ಸಿನಿಮಾ ಮತ್ತು ದೂರು ಓದುವವರಿಲ್ಲದ ಕಂಪನಿ: ಟ್ವಿಟರ್‌ನ ಒಂದು ಪ್ರಕರಣ

2022ರ ನವೆಂಬರ್ ಮೂರನೇ ವಾರದ ಕೊನೆಯಲ್ಲಿ ಟ್ವಿಟರ್‌ನಲ್ಲಿ ಒಂದು ಇಡೀ ಹಾಲಿವುಡ್ ಸಿನಿಮಾ ಕಾಣಿಸಿಕೊಂಡಿತು. 2006ರಲ್ಲಿ ತೆರೆಕಂಡ 'ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್: ಟೋಕಿಯೋ ಡ್ರಿಫ್ಟ್'. ಅದರ ಉದ್ದ ಒಂದು ಮುಕ್ಕಾಲು ಗಂಟೆಯ ಹತ್ತಿರ. ಆಗ ಟ್ವಿಟರ್‌ನಲ್ಲಿ ಸಾಮಾನ್ಯ ಬಳಕೆದಾರರು 2 ನಿಮಿಷ 20 ಸೆಕೆಂಡಿಗಿಂತ ಜಾಸ್ತಿ ಉದ್ದದ ವಿಡಿಯೋ ಹಾಕುವಂತಿರಲಿಲ್ಲ. ಹಾಗಾಗಿ ಹಾಕಿದವರು ಸಿನಿಮಾವನ್ನು ಎರಡೆರಡು ನಿಮಿಷದ ತುಂಡು ಮಾಡಿದ್ದರು. ಸುಮಾರು 50 ಟ್ವೀಟ್‌ಗಳು, ಒಂದರ ಕೆಳಗೊಂದು. ಮೊದಲನೆಯದನ್ನು ಒತ್ತಿ ಕೆಳಗೆ ಇಳಿಯುತ್ತಾ ಹೋದರೆ ಸಿನಿಮಾ ಮುಗಿಯುತ್ತಿತ್ತು.

ಕದ್ದುಮುಚ್ಚಿ ಮಾಡಿದ ಕೆಲಸ ಅದಲ್ಲ. ಜನ ಅದನ್ನು ಹಂಚಿಕೊಂಡರು, ಸುದ್ದಿಯಾಯಿತು, ಪತ್ರಕರ್ತರು ಬರೆದರು. ಅಷ್ಟಾದರೂ ತುಂಡುಗಳು ಅಲ್ಲೇ ಇದ್ದವು. ಇನ್ನೂ ಕೆಲವರು ಬೇರೆ ಸಿನಿಮಾಗಳನ್ನು ಹೀಗೇ ಹಾಕಿ ನೋಡಿದರು. ಕೊನೆಗೆ ಆ ಖಾತೆ ಅಮಾನತಾಯಿತು. ಆದರೆ ಆ ಹೊತ್ತಿಗೆ ಎಲ್ಲರಿಗೂ ಒಂದು ಮಾತು ಗೊತ್ತಾಗಿಹೋಗಿತ್ತು: ಈ ಕಂಪನಿಯಲ್ಲಿ ಕಾಪಿರೈಟ್ ದೂರು ನೋಡುವ ಜಾಗದಲ್ಲಿ ಏನೋ ಆಗಿದೆ.

'ಟ್ವಿಟರ್‌ನ ಆಟೋಮ್ಯಾಟಿಕ್ ಕಾಪಿರೈಟ್ ವ್ಯವಸ್ಥೆ ಕೆಟ್ಟು ನಿಂತಿದೆ' ಅಂತ ಆಗ ಸುದ್ದಿಯಾಯಿತು. ನನಗೆ ಆ ವಿವರಣೆ ಅಷ್ಟು ಸರಿ ಕಾಣುವುದಿಲ್ಲ. ಯಂತ್ರ ಕೆಟ್ಟರೆ ಸರಿಮಾಡಬಹುದು. ಅಲ್ಲಿ ಕಾಣೆಯಾಗಿದ್ದು ಮನುಷ್ಯರು: ಎಲಾನ್ ಮಸ್ಕ್ ಕಂಪನಿ ಕೊಂಡ ಮೇಲೆ ನಡೆದ ಲೇಆಫ್‌ನಲ್ಲಿ, ಅಂದರೆ ಸಾಮೂಹಿಕ ವಜಾದಲ್ಲಿ, ಹೋದವರು. ಅವರು ದಿನಾ ಏನು ಕೆಲಸ ಮಾಡುತ್ತಿದ್ದರು ಅಂತ ತಿಳಿದರೆ ಈ ಪ್ರಕರಣ ಅರ್ಥವಾಗುತ್ತದೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಒಂದು ದೂರು ಹೋಗುವ ದಾರಿ

ಯೂಟ್ಯೂಬ್‌ನಲ್ಲಿ 2007ರಿಂದ ಕಂಟೆಂಟ್ ಐಡಿ ಅನ್ನುವ ವ್ಯವಸ್ಥೆ ಇದೆ. ಹಕ್ಕುದಾರರು ತಮ್ಮ ಹಾಡು ಅಥವಾ ಸಿನಿಮಾದ ಮೂಲ ಫೈಲನ್ನು ಮೊದಲೇ ಕೊಟ್ಟಿರುತ್ತಾರೆ. ಯಾರಾದರೂ ಹೊಸ ವಿಡಿಯೋ ಹಾಕಿದಾಗ ಯಂತ್ರ ಎರಡನ್ನೂ ಹೋಲಿಸಿ ನೋಡುತ್ತದೆ. ಹೋಲಿಕೆ ಸಿಕ್ಕರೆ ವಿಡಿಯೋ ತಡೆಯಬಹುದು, ಇಲ್ಲವೇ ಅದರ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುವಂತೆ ಮಾಡಬಹುದು. ಟ್ವಿಟರ್ ನಡೆಯುತ್ತಿದ್ದದ್ದು ಹೆಚ್ಚಾಗಿ ಬೇರೆ ರೀತಿಯಲ್ಲಿ. ಅಲ್ಲಿ ದೂರು ಬಂದ ಮೇಲೆ ಕೆಲಸ ಶುರು.

ಇದಕ್ಕೆ ಆಧಾರ ಅಮೆರಿಕದ 1998ರ ಡಿಜಿಟಲ್ ಮಿಲೇನಿಯಂ ಕಾಪಿರೈಟ್ ಕಾಯ್ದೆ. ಎಲ್ಲರೂ ಡಿಎಂಸಿಎ ಅನ್ನುತ್ತಾರೆ. ಅದರ ಸೆಕ್ಷನ್ 512 ಒಂದು ಒಪ್ಪಂದದ ಹಾಗೆ. ಬಳಕೆದಾರರು ಕದ್ದ ಮಾಲು ಹಾಕಿದರೆ ವೇದಿಕೆ ನಷ್ಟಪರಿಹಾರ ಕೊಡಬೇಕಾಗಿಲ್ಲ. ಬದಲಿಗೆ ಅದು ಕೆಲವು ಕೆಲಸ ಮಾಡಬೇಕು. ದೂರು ತೆಗೆದುಕೊಳ್ಳಲು ಒಬ್ಬ ಏಜೆಂಟನ್ನು ನೇಮಿಸಿ ಕಾಪಿರೈಟ್ ಕಚೇರಿಯಲ್ಲಿ ಹೆಸರು ದಾಖಲಿಸಬೇಕು. ಸರಿಯಾದ ದೂರು ಬಂದರೆ ತಡಮಾಡದೆ ತೆಗೆಯಬೇಕು. ಮತ್ತೆ ಮತ್ತೆ ತಪ್ಪು ಮಾಡುವವರ ಖಾತೆ ಮುಚ್ಚುವ ನಿಯಮ ಇಟ್ಟುಕೊಂಡಿರಬೇಕು. ಆ ನಿಯಮ ವೆಬ್‌ಸೈಟಿನಲ್ಲಿ ಬರೆದಿದ್ದರೆ ಸಾಲದು, ನಿಜವಾಗಿ ಜಾರಿಯಾಗುತ್ತಿರಬೇಕು.

ದೂರು ಕೊಡುವವರು ಟ್ವಿಟರ್‌ನ ಫಾರಂ ತುಂಬಬೇಕು. ಹೆಸರು, ವಿಳಾಸ, ಮೂಲ ಕೃತಿ ಯಾವುದು, ಕದ್ದ ಪ್ರತಿ ಯಾವ ಲಿಂಕಿನಲ್ಲಿದೆ, ಹೇಳಿದ್ದು ನಿಜ ಅನ್ನುವ ಘೋಷಣೆ, ಸಹಿ. ಇಲ್ಲಿ ಲಿಂಕ್ ಮುಖ್ಯ. 'ನನ್ನ ಸಿನಿಮಾ ಟ್ವಿಟರ್‌ನಲ್ಲಿ ಇದೆ' ಅಂದರೆ ಆಗಲ್ಲ. ಯಾವ ಟ್ವೀಟ್ ಅಂತ ತೋರಿಸಬೇಕು. ಐವತ್ತು ತುಂಡಾದ ಸಿನಿಮಾಕ್ಕೆ ಐವತ್ತು ಲಿಂಕ್. ಅದನ್ನು ಇನ್ನೊಬ್ಬರು ಮತ್ತೆ ಹಾಕಿದರೆ ಇನ್ನೂ ಐವತ್ತು.

ಆ ದೂರು ಒಳಗೆ ಹೋದ ಮೇಲೆ ಯಾರೋ ಒಬ್ಬರು ಅದನ್ನು ತೆರೆದು ಓದಬೇಕು. ಬೇಕಾದ ವಿವರ ಎಲ್ಲಾ ಇದೆಯಾ? ದೂರು ಕೊಟ್ಟವರಿಗೆ ಆ ಹಕ್ಕು ನಿಜವಾಗಿ ಇದ್ದ ಹಾಗೆ ಕಾಣುತ್ತದಾ? ಇದು ವಿಮರ್ಶೆಗೋ ಅಣಕಕ್ಕೋ ಬಳಸಿದ ತುಣುಕಾ? ದೂರು ಕೊಟ್ಟವರು ಯಾರದೋ ಬಾಯಿ ಮುಚ್ಚಿಸಲು ಕಾಪಿರೈಟ್ ನೆಪ ಹಿಡಿದಿದ್ದಾರಾ? ಈ ಕೊನೆಯದು ಅಪರೂಪದ ವಿಷಯ ಅಲ್ಲ. ತಮ್ಮ ವಿರುದ್ಧ ಬಂದ ವರದಿಯನ್ನು ಅಳಿಸಲು ಸುಳ್ಳು ಕಾಪಿರೈಟ್ ದೂರು ಕೊಡುವವರು ಎಲ್ಲಾ ಕಡೆ ಇದ್ದಾರೆ. ಇಷ್ಟೆಲ್ಲ ನೋಡಿದ ಮೇಲೆ ವಿಡಿಯೋ ತೆಗೆಯಬೇಕು, ಹಾಕಿದವರಿಗೆ ದೂರಿನ ಪ್ರತಿ ಕಳುಹಿಸಬೇಕು, ಅವರ ಖಾತೆಗೆ ಒಂದು ಸ್ಟ್ರೈಕ್, ಅಂದರೆ ತಪ್ಪಿನ ಗುರುತು, ಬರೆಯಬೇಕು. ಅವರು 'ನನ್ನದು ತಪ್ಪಲ್ಲ' ಅಂತ ಎದುರು ನೋಟಿಸ್ ಕೊಟ್ಟರೆ ಅದನ್ನು ದೂರುದಾರರಿಗೆ ತಲುಪಿಸಬೇಕು. ದೂರುದಾರರು ಕೋರ್ಟಿಗೆ ಹೋಗದಿದ್ದರೆ 10ರಿಂದ 14 ಕೆಲಸದ ದಿನಗಳೊಳಗೆ ವಿಡಿಯೋ ವಾಪಸ್ ಹಾಕಬೇಕು.

ಈ ಕೆಲಸದಲ್ಲಿ ಯಂತ್ರ ಸಹಾಯ ಮಾಡಬಹುದು, ನಿರ್ಧಾರ ಮಾಡುವವರು ಬೇಕೇ ಬೇಕು. ಅವರಿಲ್ಲದೆ ಫಾರಂ ಮಾತ್ರ ಉಳಿದರೆ, ಅರ್ಜಿ ತೆಗೆದುಕೊಳ್ಳುವ ಕಿಟಕಿ ತೆರೆದಿದ್ದು ಒಳಗೆ ಗುಮಾಸ್ತರೇ ಇಲ್ಲದ ತಾಲ್ಲೂಕು ಕಚೇರಿಯ ಸ್ಥಿತಿಯಾಗುತ್ತದೆ.

ಮಂತ್ರಿಯ ಖಾತೆ ಲಾಕ್ ಆದ ದಿನ

ಇದೇ ವ್ಯವಸ್ಥೆ ಜನರಿದ್ದಾಗ ಹೇಗೆ ನಡೆಯುತ್ತಿತ್ತು ಅನ್ನುವುದಕ್ಕೆ ನಮ್ಮ ದೇಶದ್ದೇ ಒಂದು ಘಟನೆ ಇದೆ. 2021ರ ಜೂನ್ 25ರಂದು ಆಗಿನ ಕೇಂದ್ರ ಐಟಿ ಸಚಿವ ರವಿಶಂಕರ್ ಪ್ರಸಾದ್ ಅವರ ಟ್ವಿಟರ್ ಖಾತೆ ಸುಮಾರು ಒಂದು ಗಂಟೆ ಲಾಕ್ ಆಯಿತು. ಕಾರಣ ಒಂದು ಡಿಎಂಸಿಎ ದೂರು. ಅವರು 2017ರಲ್ಲಿ ವಿಜಯ ದಿವಸದಂದು ಹಾಕಿದ್ದ ವಿಡಿಯೋದಲ್ಲಿ ಎ.ಆರ್. ರೆಹಮಾನ್ ಅವರ 'ಮಾ ತುಝೆ ಸಲಾಂ' ಹಾಡು ಇತ್ತು. ದೂರು ಮೇ ತಿಂಗಳಲ್ಲಿ ಬಂದಿತ್ತು, ಕ್ರಮ ಆಗಿದ್ದು ಒಂದು ತಿಂಗಳ ನಂತರ. ಆಗ ಹೊಸ ಐಟಿ ನಿಯಮಗಳ ಬಗ್ಗೆ ಸರ್ಕಾರಕ್ಕೂ ಟ್ವಿಟರ್‌ಗೂ ಜೋರು ಜಗಳ ನಡೆಯುತ್ತಿತ್ತು. ಅಂಥ ಹೊತ್ತಿನಲ್ಲಿ ಆ ಇಲಾಖೆಯ ಮಂತ್ರಿಯ ಖಾತೆಯೇ ಲಾಕ್! ಸಂಸತ್ತಿನ ಐಟಿ ಸ್ಥಾಯಿ ಸಮಿತಿಯ ಅಧ್ಯಕ್ಷರಾಗಿದ್ದ ಶಶಿ ತರೂರ್ ಕೂಡ ತಮ್ಮ ಖಾತೆಗೂ ಹೀಗೇ ಆಗಿದೆ ಅಂದರು.

ಆ ಕ್ರಮ ಒರಟಾಗಿತ್ತು. ಮೂರೂವರೆ ವರ್ಷ ಹಳೆಯ ಟ್ವೀಟ್‌ಗೆ ಖಾತೆ ಲಾಕ್ ಮಾಡಬೇಕಿತ್ತಾ ಅಂತ ಕೇಳಬಹುದು. ಆದರೂ ಅದರಿಂದ ಎರಡು ವಿಷಯ ಗೊತ್ತಾಗುತ್ತದೆ. ಹಾಕಿದವರು ಯಾರು ಅಂತ ನೋಡದೆ ನಿಯಮ ಜಾರಿಯಾಗಿತ್ತು. ಮತ್ತು ದೂರು ಯಾರದು, ಯಾವ ಹಾಡಿನ ಬಗ್ಗೆ, ಯಾವ ತಾರೀಖು ಅನ್ನುವುದು ಹೊರಗಿನವರಿಗೂ ಸಿಕ್ಕಿತ್ತು. ಟ್ವಿಟರ್ ತನಗೆ ಬಂದ ಕಾಪಿರೈಟ್ ನೋಟಿಸ್‌ಗಳ ಪ್ರತಿಯನ್ನು ಹಾರ್ವರ್ಡ್‌ನ ಬರ್ಕ್‌ಮನ್ ಕ್ಲೈನ್ ಕೇಂದ್ರದ ಲೂಮೆನ್ ಎಂಬ ಸಾರ್ವಜನಿಕ ಸಂಗ್ರಹಕ್ಕೆ ವರ್ಷಗಳಿಂದ ಕಳುಹಿಸುತ್ತಿತ್ತು. ಹಾಗಾಗಿ ಅದನ್ನು ತೆಗೆದು ನೋಡಲು ಸಾಧ್ಯವಾಯಿತು. 2023ರ ಏಪ್ರಿಲ್‌ನಲ್ಲಿ ಆ ಕಳುಹಿಸುವಿಕೆ ನಿಂತಿತು. ಲೇಆಫ್‌ನ ಸುದ್ದಿಗಳ ನಡುವೆ ಇದು ಯಾರ ಕಣ್ಣಿಗೂ ಅಷ್ಟಾಗಿ ಬೀಳಲಿಲ್ಲ. ನನಗೆ ಮಾತ್ರ ಇದು ದೊಡ್ಡ ನಷ್ಟ. ದೂರುಗಳಿಗೆ ಏನಾಗುತ್ತಿದೆ ಅಂತ ಹೊರಗಿನಿಂದ ಅಳೆಯಲು ಇದ್ದ ಒಳ್ಳೆಯ ದಾರಿ ಅದೇ ಆಗಿತ್ತು.

ಯಾರು ಹೋದರು

ಎಲಾನ್ ಮಸ್ಕ್ 4,400 ಕೋಟಿ ಡಾಲರ್ ಕೊಟ್ಟು ಟ್ವಿಟರ್ ಕೊಂಡಿದ್ದು 2022ರ ಅಕ್ಟೋಬರ್ 27ರಂದು. ಕಾನೂನು ಮತ್ತು ನೀತಿ ವಿಭಾಗದ ಮುಖ್ಯಸ್ಥೆ ವಿಜಯಾ ಗಡ್ಡೆ ಅವತ್ತೇ ಹೊರಗೆ. ನವೆಂಬರ್ 4ರಂದು ಸುಮಾರು 7,500 ಜನರಲ್ಲಿ ಅರ್ಧದಷ್ಟು ಮಂದಿಯನ್ನು ಒಂದೇ ದಿನ ತೆಗೆದರು. ಕಂಪನಿ ದಿನಕ್ಕೆ 40 ಲಕ್ಷ ಡಾಲರ್ ಕಳೆದುಕೊಳ್ಳುತ್ತಿದೆ, ಬೇರೆ ದಾರಿ ಇಲ್ಲ ಅನ್ನುವುದು ಮಸ್ಕ್ ಕೊಟ್ಟ ಕಾರಣ.

ವೇದಿಕೆಯ ಸುರಕ್ಷತೆ ಮತ್ತು ನಿಯಮ ಜಾರಿ ನೋಡಿಕೊಳ್ಳುವ ಟ್ರಸ್ಟ್ ಅಂಡ್ ಸೇಫ್ಟಿ ವಿಭಾಗದ ಮುಖ್ಯಸ್ಥರಾಗಿದ್ದ ಯೋಯೆಲ್ ರಾತ್ ಆ ದಿನ ಒಂದು ಸಮಾಧಾನದ ಮಾತು ಹೇಳಿದ್ದರು. ಇಡೀ ಕಂಪನಿಯಲ್ಲಿ ಅರ್ಧ ಜನ ಹೋದರೂ ತಮ್ಮ ವಿಭಾಗದಲ್ಲಿ ಹೋಗಿದ್ದು ಸುಮಾರು ಶೇ. 15 ಮಾತ್ರ, ದೂರು ನೋಡುವ ಮುಂಚೂಣಿಯ ಜನರಿಗೆ ಜಾಸ್ತಿ ಪೆಟ್ಟು ಬಿದ್ದಿಲ್ಲ ಅಂತ. ಆರೇ ದಿನದಲ್ಲಿ, ನವೆಂಬರ್ 10ರಂದು, ಅವರೇ ರಾಜೀನಾಮೆ ಕೊಟ್ಟರು. ಅದೇ ಹೊತ್ತಿಗೆ ಖಾಸಗಿತನ, ಮಾಹಿತಿ ಭದ್ರತೆ, ನಿಯಮ ಪಾಲನೆ, ಈ ಮೂರೂ ವಿಭಾಗದ ಮುಖ್ಯಸ್ಥರು ಹೊರಟರು. ಅದರ ವಾರಾಂತ್ಯದಲ್ಲಿ ಗುತ್ತಿಗೆ ನೌಕರರ ಸರದಿ. ಸುಮಾರು 5,500 ಗುತ್ತಿಗೆಯವರಲ್ಲಿ 4,400ರಷ್ಟು ಮಂದಿ ಹೋದರು ಅಂತ ಪ್ಲಾಟ್‌ಫಾರ್ಮರ್ ಎಂಬ ಸುದ್ದಿಪತ್ರ ವರದಿ ಮಾಡಿತು. ಕೆಲವರಿಗೆ ಗೊತ್ತಾಗಿದ್ದು ಕಂಪನಿಯ ಇಮೇಲ್ ತೆರೆಯದೆ ಹೋದಾಗ.

ಈ ಗುತ್ತಿಗೆಯವರ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಎಲ್ಲಾ ದೊಡ್ಡ ವೇದಿಕೆಗಳಲ್ಲೂ ದೂರುಗಳ ರಾಶಿಯನ್ನು ಮೊದಲು ಮುಟ್ಟುವವರು ಹೆಚ್ಚಾಗಿ ಗುತ್ತಿಗೆಯವರೇ. ಅವರ ಹೆಸರು ಕಂಪನಿಯ ನೌಕರರ ಪಟ್ಟಿಯಲ್ಲಿ ಇರುವುದಿಲ್ಲ. 'ಅರ್ಧ ಜನ ಹೋದರು' ಅನ್ನುವ ತಲೆಬರಹದ ಲೆಕ್ಕದಲ್ಲೂ ಅವರು ಸೇರುವುದಿಲ್ಲ. ಹಾಗಾಗಿ ಯಾವ ಕೆಲಸಕ್ಕೆ ಎಷ್ಟು ಪೆಟ್ಟು ಬಿತ್ತು ಅಂತ ಹೊರಗಿನವರಿಗೆ ಕಾಣಲೇ ಇಲ್ಲ.

ಇನ್ನೊಂದು ಏಟು ಉಳಿದಿತ್ತು. ನವೆಂಬರ್ 16ರಂದು ಮಸ್ಕ್ ಉಳಿದವರಿಗೆ ಒಂದು ಮೇಲ್ ಕಳುಹಿಸಿದರು. ಹಗಲು ರಾತ್ರಿ ದುಡಿಯಲು ಒಪ್ಪುವವರು ಮರುದಿನ ಸಂಜೆಯೊಳಗೆ ಒಪ್ಪಿಗೆ ಒತ್ತಬೇಕು, ಇಲ್ಲದಿದ್ದರೆ ಮೂರು ತಿಂಗಳ ಸಂಬಳ ತೆಗೆದುಕೊಂಡು ಹೋಗಬಹುದು. ನೂರಾರು ಜನ ಹೋಗುವುದನ್ನೇ ಆರಿಸಿಕೊಂಡರು. ಇದಾದ ಎರಡು ಮೂರು ದಿನದಲ್ಲಿ ಟೋಕಿಯೋ ಡ್ರಿಫ್ಟ್ ಬಂತು.

ಆ ವಾರದ ನಂತರ ಇದಕ್ಕಿಂತ ಎಷ್ಟೋ ಕೆಟ್ಟದ್ದು ನಡೆಯಿತು. 2019ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನರನ್ನು ಕೊಂದವನು ತಾನೇ ಚಿತ್ರೀಕರಿಸಿದ ವಿಡಿಯೋದ ತುಣುಕುಗಳು ಟ್ವಿಟರ್‌ನಲ್ಲಿ ಮತ್ತೆ ಬಂದವು. ಅವು ಹಾನಿಕರ ಅಂತ ವ್ಯವಸ್ಥೆ ಗುರುತಿಸಲಿಲ್ಲ. ನ್ಯೂಜಿಲೆಂಡ್ ಸರ್ಕಾರ ಹೇಳಿದ ಮೇಲೆ ತೆಗೆದರು. ಇದು ಕಾಪಿರೈಟ್ ವಿಷಯ ಅಲ್ಲ. ಆದರೆ ಕದ್ದ ಸಿನಿಮಾ ನಿಂತದ್ದೂ ಕೊಲೆಯ ವಿಡಿಯೋ ನಿಂತದ್ದೂ ಒಂದೇ ತಿಂಗಳಲ್ಲಿ.

ಅಂಕಿಗಳು ಹೊರಬಂದಿದ್ದು ತಡವಾಗಿ, ಅದೂ ಆಸ್ಟ್ರೇಲಿಯಾದಲ್ಲಿ ಆನ್‌ಲೈನ್ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ ಇಸೇಫ್ಟಿ ಕಮಿಷನರ್ ಕಾನೂನಿನ ಬಲದಿಂದ ಕೇಳಿದ್ದಕ್ಕೆ. 2024ರ ಜನವರಿಯಲ್ಲಿ ಆ ಕಚೇರಿ ಪ್ರಕಟಿಸಿದ ವರದಿ ದ್ವೇಷದ ಪೋಸ್ಟ್‌ಗಳ ಬಗ್ಗೆ ಇದ್ದರೂ ಅದರಲ್ಲಿ ಸಿಬ್ಬಂದಿ ಲೆಕ್ಕ ಇತ್ತು. ಟ್ರಸ್ಟ್ ಅಂಡ್ ಸೇಫ್ಟಿ ವಿಭಾಗದ ಜನ ಜಗತ್ತಿನಾದ್ಯಂತ ಶೇ. 30 ಕಡಿಮೆ. ಏಷ್ಯಾ ಪೆಸಿಫಿಕ್‌ನಲ್ಲಿ ಶೇ. 45 ಕಡಿಮೆ. ಆ ಕೆಲಸಕ್ಕೇ ಮೀಸಲಾಗಿದ್ದ ಎಂಜಿನಿಯರ್‌ಗಳು 279ರಿಂದ 55ಕ್ಕೆ ಇಳಿದಿದ್ದರು. ಪೋಸ್ಟ್‌ಗಳನ್ನು ಪರಿಶೀಲಿಸುವ ಕಂಪನಿಯ ಸ್ವಂತ ಮಾಡರೇಟರ್‌ಗಳು 107ರಿಂದ 51ಕ್ಕೆ. ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎಂಜಿನಿಯರ್‌ಗಳ ಸಂಖ್ಯೆ. ದೂರು ಓದುವವರು ಕಡಿಮೆಯಾದರೆ ಯಂತ್ರ ಜಾಸ್ತಿ ಮಾಡುತ್ತೇವೆ ಅನ್ನಬಹುದು. ಆ ಯಂತ್ರ ನೋಡಿಕೊಳ್ಳುವವರು ಐದರಲ್ಲಿ ನಾಲ್ವರು ಇಲ್ಲ.

ಅದೇ ವಾರ ಬೆಂಗಳೂರಿನಲ್ಲಿ

ನವೆಂಬರ್ 4ರ ಲೇಆಫ್ ಭಾರತಕ್ಕೂ ಬಂತು. ಟ್ವಿಟರ್‌ಗೆ ಇಲ್ಲಿ ಇನ್ನೂರು ಚಿಲ್ಲರೆ ಜನ ಇದ್ದರು. ಅವರಲ್ಲಿ ಶೇ. 90ಕ್ಕಿಂತ ಜಾಸ್ತಿ ಜನರನ್ನು ತೆಗೆದರು ಅಂತ ಪತ್ರಿಕೆಗಳು ಬರೆದವು. 2023ರ ಫೆಬ್ರವರಿಯಲ್ಲಿ ದೆಹಲಿ ಮತ್ತು ಮುಂಬೈ ಕಚೇರಿ ಮುಚ್ಚಿ ಬೆಂಗಳೂರಿನದನ್ನು ಮಾತ್ರ ಉಳಿಸಿಕೊಂಡರು. ಅಲ್ಲಿ ಇದ್ದವರು ಹೆಚ್ಚಾಗಿ ಎಂಜಿನಿಯರ್‌ಗಳು.

ಈ ಲೇಆಫ್‌ನ ಮೂರನೇ ದಿನಕ್ಕೆ, ನವೆಂಬರ್ 7ರಂದು, ಬೆಂಗಳೂರಿನ ಒಂದು ವಾಣಿಜ್ಯ ನ್ಯಾಯಾಲಯ ಟ್ವಿಟರ್‌ಗೆ ಒಂದು ಆದೇಶ ಕೊಟ್ಟಿತು. ವಿಷಯ ನಮಗೆಲ್ಲ ಗೊತ್ತಿರುವ ಸಿನಿಮಾದ್ದು. ಕಾಂಗ್ರೆಸ್ ಪಕ್ಷ ಭಾರತ್ ಜೋಡೋ ಯಾತ್ರೆಯ ವಿಡಿಯೋದಲ್ಲಿ 'ಕೆಜಿಎಫ್ ಚಾಪ್ಟರ್ 2'ರ ಸಂಗೀತವನ್ನು ಅನುಮತಿ ಇಲ್ಲದೆ ಬಳಸಿದೆ ಅಂತ ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಕಂಪನಿ ದಾವೆ ಹೂಡಿತ್ತು. ಹಾಡಿನ ಹಕ್ಕು ತನ್ನದು ಅನ್ನುವುದು ಅದರ ವಾದ. ಪಕ್ಷದ ಖಾತೆ ಮತ್ತು ಯಾತ್ರೆಯ ಖಾತೆ, ಎರಡನ್ನೂ ತಾತ್ಕಾಲಿಕವಾಗಿ ತಡೆಯಿರಿ ಅಂತ ನ್ಯಾಯಾಲಯ ಹೇಳಿತು. ಮರುದಿನವೇ ಹೈಕೋರ್ಟ್ ಆ ಆದೇಶವನ್ನು ಬದಿಗಿಟ್ಟಿತು. ಷರತ್ತು ಒಂದೇ, ಆ ಸಂಗೀತ ಇರುವ ವಿಡಿಯೋಗಳನ್ನು ತೆಗೆಯಬೇಕು. 45 ಸೆಕೆಂಡಿನ ತುಣುಕಿಗೆ ಇಡೀ ಖಾತೆ ಮುಚ್ಚುವುದಾ ಅನ್ನುವುದು ಕಾಂಗ್ರೆಸ್ಸಿನ ವಾದವಾಗಿತ್ತು.

ಇಲ್ಲಿ ಯಾರ ಪರ ಯಾರ ವಿರುದ್ಧ ಅನ್ನುವುದು ನನ್ನ ವಿಷಯ ಅಲ್ಲ. ಕಾಪಿರೈಟ್ ಜಾರಿಗೆ ಎರಡು ಹತಾರ ಇವೆ. ಒಂದು ಚಿಕ್ಕದು: ಈ ಲಿಂಕ್ ತೆಗೆಯಿರಿ ಅನ್ನುವ ನೋಟಿಸ್. ಇನ್ನೊಂದು ದೊಡ್ಡದು: ಕೋರ್ಟಿನ ಆದೇಶ. ಚಿಕ್ಕ ಹತಾರ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ 45 ಸೆಕೆಂಡಿನ ತುಣುಕಿಗೆ 45 ಸೆಕೆಂಡಿನಷ್ಟೇ ಶಿಕ್ಷೆ. ಅದು ಮೊಂಡಾದರೆ ಶಕ್ತಿ ಇರುವವರು ದೊಡ್ಡದನ್ನು ಎತ್ತುತ್ತಾರೆ, ಶಕ್ತಿ ಇಲ್ಲದವರು ಸುಮ್ನೆ ಕೂರುತ್ತಾರೆ. ಲೇಆಫ್‌ನ ಪರಿಣಾಮವನ್ನು ನಾನು ಹೀಗೇ ನೋಡುವುದು. ಕದಿಯುವವರಿಗೆ ಅನುಕೂಲವಾಯಿತು ಅನ್ನುವುದು ಅರ್ಧ ಕಥೆ. ಹಕ್ಕುದಾರರಲ್ಲೇ ಎರಡು ಜಾತಿಯಾಯಿತು ಅನ್ನುವುದು ಉಳಿದರ್ಧ.

ಉದ್ದದ ವಿಡಿಯೋ, ನೀಲಿ ಟಿಕ್

ದೂರು ನೋಡುವ ಜನ ಕಡಿಮೆಯಾದಾಗ ಜವಾಬ್ದಾರಿ ಇರುವ ಕಂಪನಿ ಏನು ಮಾಡಬೇಕಿತ್ತು? ಕದ್ದ ಸಿನಿಮಾ ಹಾಕುವುದನ್ನು ಕಷ್ಟ ಮಾಡಬೇಕಿತ್ತು. ನಡೆದದ್ದು ತಿರುಗಾ ಮುರುಗಾ. 2022ರ ಡಿಸೆಂಬರ್‌ನಲ್ಲಿ ಹಣ ಕೊಟ್ಟು ಟ್ವಿಟರ್ ಬ್ಲೂ (ಹೆಸರಿನ ಪಕ್ಕ ನೀಲಿ ಟಿಕ್ ಸಿಗುವ ಚಂದಾ) ತೆಗೆದುಕೊಂಡವರು 60 ನಿಮಿಷದ ವಿಡಿಯೋ ಹಾಕಬಹುದು ಅಂತಾಯಿತು. ಐವತ್ತು ತುಂಡು ಮಾಡುವ ಕಷ್ಟ ತಪ್ಪಿತು. 2023ರ ಏಪ್ರಿಲ್ ಕೊನೆಯಲ್ಲಿ, ಇನ್ನೂ ಥಿಯೇಟರುಗಳಲ್ಲಿ ಓಡುತ್ತಿದ್ದ 'ದಿ ಸೂಪರ್ ಮಾರಿಯೋ ಬ್ರದರ್ಸ್ ಮೂವಿ' ಎರಡೇ ಭಾಗದಲ್ಲಿ ಪೂರ್ತಿಯಾಗಿ ಬಂತು. ತೆಗೆಯುವ ಹೊತ್ತಿಗೆ 90 ಲಕ್ಷಕ್ಕಿಂತ ಜಾಸ್ತಿ ಸಲ ನೋಡಲಾಗಿತ್ತು. ಮೇ ತಿಂಗಳಲ್ಲಿ ಮಿತಿಯನ್ನು ಎರಡು ಗಂಟೆಗೆ ಏರಿಸಿದರು. ಮರುದಿನಗಳಲ್ಲೇ ಹೊಸ ಸಿನಿಮಾಗಳು ಒಂದೇ ಟ್ವೀಟ್‌ನಲ್ಲಿ ಬರತೊಡಗಿದವು.

ಇದು ಬರೀ ಅಜಾಗರೂಕತೆ ಅಂತ ನನಗೆ ಅನಿಸುವುದಿಲ್ಲ. ಕಂಪನಿ ಕೊಳ್ಳುವ ಮೊದಲೇ, 2022ರ ಮೇ ತಿಂಗಳಲ್ಲಿ, ಕಾಪಿರೈಟ್ ಕಾನೂನು ಮೂಲ ಸೃಷ್ಟಿಕರ್ತರನ್ನು ಕಾಪಾಡುವುದನ್ನು ಮೀರಿ ಎಲ್ಲಿಗೋ ಹೋಗಿದೆ, ಡಿಎಂಸಿಎಯ ಅತಿ ಉತ್ಸಾಹ ಒಂದು ಪಿಡುಗು ಅನ್ನುವ ಅರ್ಥದಲ್ಲಿ ಮಸ್ಕ್ ಟ್ವೀಟ್ ಮಾಡಿದ್ದರು. ಆ ಅಭಿಪ್ರಾಯದಲ್ಲಿ ಸತ್ಯವೇ ಇಲ್ಲ ಅಂತಲ್ಲ. ಸುಳ್ಳು ನೋಟಿಸ್‌ನ ಕಾಟ ನಿಜ, ಕಾಪಿರೈಟ್ ಅವಧಿ ತೀರಾ ಉದ್ದ ಅನ್ನುವವರು ತಿಳಿದವರಲ್ಲೂ ಇದ್ದಾರೆ. ಆದರೆ ಸುಳ್ಳು ನೋಟಿಸ್ ಹಿಡಿಯಲೂ ನೋಟಿಸ್ ಓದುವ ಮನುಷ್ಯರೇ ಬೇಕು ಅಲ್ವಾ? ಅವರನ್ನು ಕಳುಹಿಸಿದರೆ ಕಳ್ಳರೂ ಉಳಿಯುತ್ತಾರೆ, ಸುಳ್ಳು ದೂರುದಾರರೂ ಉಳಿಯುತ್ತಾರೆ.

ನ್ಯಾಶ್‌ವಿಲ್‌ನ ದಾವೆ

2023ರ ಜೂನ್ 14ರಂದು ಅಮೆರಿಕದ ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಫೆಡರಲ್ ಕೋರ್ಟಿಗೆ ಒಂದು ದಾವೆ ಬಂತು. ನ್ಯಾಷನಲ್ ಮ್ಯೂಸಿಕ್ ಪಬ್ಲಿಷರ್ಸ್ ಅಸೋಸಿಯೇಷನ್‌ಗೆ ಸೇರಿದ 17 ಸಂಗೀತ ಪ್ರಕಾಶಕ ಕಂಪನಿಗಳು ಒಟ್ಟಾಗಿ ಹೂಡಿದ್ದು. ಸೋನಿ, ಯೂನಿವರ್ಸಲ್, ವಾರ್ನರ್ ಚಾಪೆಲ್, ಕಾನ್‌ಕಾರ್ಡ್ ಎಲ್ಲಾ ಅದರಲ್ಲಿದ್ದವು. ಸುಮಾರು 1,700 ಹಾಡುಗಳ ಹೆಸರು ಕೊಟ್ಟು 25 ಕೋಟಿ ಡಾಲರ್‌ಗಿಂತ ಜಾಸ್ತಿ ಪರಿಹಾರ ಕೇಳಿದರು. ಈ ಮೊತ್ತದ ಲೆಕ್ಕ ಸುಲಭ. ಗೊತ್ತಿದ್ದೂ ಮಾಡಿದ ಉಲ್ಲಂಘನೆಗೆ ಅಮೆರಿಕದ ಕಾನೂನು ಒಂದು ಕೃತಿಗೆ ಗರಿಷ್ಠ 1,50,000 ಡಾಲರ್ ಕೊಡಿಸಬಹುದು. 1,700ರಿಂದ ಗುಣಿಸಿ ನೋಡಿ.

ದಾವೆಯ ಬೆನ್ನೆಲುಬು ನೋಟಿಸ್‌ಗಳ ದಾಖಲೆ. 2021ರ ಡಿಸೆಂಬರ್‌ನಿಂದ ಸಂಘ ವಾರ ವಾರ ನೋಟಿಸ್ ಕಳುಹಿಸಿತ್ತು. ಅವುಗಳಲ್ಲಿ ತೋರಿಸಿದ ಟ್ವೀಟ್‌ಗಳು 3 ಲಕ್ಷಕ್ಕಿಂತ ಜಾಸ್ತಿ. ತಾರೀಖು ಗಮನಿಸಿ. ಮಸ್ಕ್ ಬರುವುದಕ್ಕೆ ಹತ್ತು ತಿಂಗಳು ಮೊದಲೇ ನೋಟಿಸ್ ಶುರುವಾಗಿದೆ. 2022ರ ಕೊನೆಯಲ್ಲಿ ಬ್ಯಾಕ್‌ಗ್ರಿಡ್ ಎಂಬ ಫೋಟೋ ಏಜೆನ್ಸಿ ಹೂಡಿದ ದಾವೆಯಲ್ಲೂ ಇದೇ ಮಾತು ಇತ್ತು. ತಾನು 6,700ಕ್ಕಿಂತ ಜಾಸ್ತಿ ನೋಟಿಸ್ ಕಳುಹಿಸಿದೆ, ಒಂದು ಫೋಟೋವನ್ನೂ ತೆಗೆಯಲಿಲ್ಲ ಅಂತ ಅದರ ಆರೋಪ. ಅಂದರೆ ಲೇಆಫ್‌ಗೆ ಮೊದಲು ಎಲ್ಲಾ ಸರಿಯಿತ್ತು ಅನ್ನುವುದು ಸುಳ್ಳಾಗುತ್ತದೆ. ಫೇಸ್‌ಬುಕ್, ಯೂಟ್ಯೂಬ್, ಟಿಕ್‌ಟಾಕ್ ಸಂಗೀತ ಕಂಪನಿಗಳ ಜೊತೆ ಲೈಸೆನ್ಸ್ ಒಪ್ಪಂದ ಮಾಡಿಕೊಂಡಿದ್ದರೂ ಟ್ವಿಟರ್ ಮಾಡಿಕೊಂಡಿರಲಿಲ್ಲ. ಆ ಬಗ್ಗೆ ನಡೆಯುತ್ತಿದ್ದ ಮಾತುಕತೆ ಮಸ್ಕ್ ಬಂದ ಮೇಲೆ ನಿಂತುಹೋಯಿತು ಅಂತ ನ್ಯೂಯಾರ್ಕ್ ಟೈಮ್ಸ್ ಬರೆದಿತ್ತು. ಮೊದಲೇ ಕುಂಟುತ್ತಿದ್ದ ವ್ಯವಸ್ಥೆಯಿಂದ ಜನರನ್ನು ತೆಗೆದರು. ಕಾರಣ ಹುಡುಕುವಾಗ ಈ ಎರಡೂ ಸೇರಿಸಿ ನೋಡಬೇಕು.

2024ರ ಮಾರ್ಚ್ 5ರಂದು ನ್ಯಾಯಾಧೀಶೆ ಅಲೀಟಾ ಟ್ರಾಗರ್ ಕೊಟ್ಟ ಆದೇಶ ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನಿಸುವ ಕಾಗದ. ಆ ಹೊತ್ತಿಗೆ ಟ್ವಿಟರ್ ಹೆಸರು ಎಕ್ಸ್ ಆಗಿತ್ತು. ಪ್ರಕಾಶಕರ ಎರಡು ದೊಡ್ಡ ವಾದಗಳನ್ನು ಅವರು ಒಪ್ಪಲಿಲ್ಲ. ಎಕ್ಸ್ ತಾನೇ ನೇರವಾಗಿ ಉಲ್ಲಂಘನೆ ಮಾಡಿದೆ ಅನ್ನುವುದನ್ನು ತೆಗೆದುಹಾಕಿದರು. ಬಳಕೆದಾರರ ತಪ್ಪಿಗೆ ಯಜಮಾನನಂತೆ ಹೊಣೆ ಹೊರಬೇಕು ಅನ್ನುವುದನ್ನೂ ತೆಗೆದುಹಾಕಿದರು. ಉಳಿಸಿದ್ದು ಸಹಾಯ ಮಾಡಿದ ಹೊಣೆ, ಅದೂ ಮೂರೇ ವಿಷಯಕ್ಕೆ. ಹಣ ಕೊಟ್ಟು ಟಿಕ್ ಪಡೆದವರ ಮೇಲಿನ ದೂರುಗಳಿಗೆ ಮೃದುವಾಗಿ ನಡೆದುಕೊಂಡಿತಾ? ನೋಟಿಸ್ ಬಂದ ಮೇಲೆ ಸಮಯಕ್ಕೆ ಸರಿಯಾಗಿ ಕ್ರಮ ತೆಗೆದುಕೊಳ್ಳಲಿಲ್ಲವಾ? ಪದೇ ಪದೇ ಕದಿಯುವವರ ವಿಷಯದಲ್ಲಿ ಮಾಡಬೇಕಾದ್ದು ಮಾಡಲಿಲ್ಲವಾ?

ಮೂರನ್ನೂ ನೋಡಿ. ಒಂದೂ ತಂತ್ರಜ್ಞಾನದ ಪ್ರಶ್ನೆ ಅಲ್ಲ. ಮೂರೂ ದೂರಿನ ಮೇಜಿನ ಮುಂದೆ ಕೂತವರು ಏನು ಮಾಡಿದರು ಅನ್ನುವ ಪ್ರಶ್ನೆ. ವೇದಿಕೆ ಕಟ್ಟಿದ್ದಕ್ಕೆ ಹೊಣೆ ಇಲ್ಲ, ಅದರಲ್ಲಿ ಹಾಡು ಓಡಿದ್ದಕ್ಕೂ ಹೊಣೆ ಇಲ್ಲ, ಬಂದ ನೋಟಿಸ್‌ಗೆ ಏನು ಮಾಡಿದಿರಿ ಹೇಳಿ ಅನ್ನುವ ರೀತಿ. ಲೇಆಫ್ ಪಟ್ಟಿ ಮಾಡುವಾಗ ಈ ಮೇಜನ್ನು ಖರ್ಚಿನ ಬಾಬತ್ತು ಅಂತ ಬರೆದವರು ಕಂಪನಿಯ ಕಾನೂನು ರಕ್ಷಣೆಯೇ ಆ ಮೇಜಿನ ಮೇಲೆ ನಿಂತಿದೆ ಅನ್ನುವುದನ್ನು ಮರೆತರು.

ದೊಡ್ಡವರಲ್ಲದವರು

ಸ್ಟುಡಿಯೋಗಳಿಗೆ ವಕೀಲರಿದ್ದಾರೆ. ಸಂಗೀತ ಪ್ರಕಾಶಕರಿಗೆ 3 ಲಕ್ಷ ಲಿಂಕ್ ಹುಡುಕಿ ಕೊಡುವ ಏಜೆನ್ಸಿಗಳಿವೆ. ಹಂಪಿಯ ಫೋಟೋ ತೆಗೆದವರು, ಯಕ್ಷಗಾನದ ರೆಕಾರ್ಡಿಂಗ್ ಮಾಡಿದವರು, ಕಾಮಿಕ್ಸ್ ಬರೆಯುವವರು, ಸಣ್ಣ ಬಜೆಟ್ಟಿನ ಕನ್ನಡ ಸಿನಿಮಾದ ನಿರ್ಮಾಪಕರು ಏನು ಮಾಡಬೇಕು? ಅವರ ಹತ್ತಿರ ಇರುವುದು ಆ ಫಾರಂ ಒಂದೇ.

ಆ ಫಾರಂನಲ್ಲಿ ಒಂದು ಮುಳ್ಳು ಇದೆ, ಅದು ಬಹಳ ಜನರಿಗೆ ಗೊತ್ತಿಲ್ಲ. ದೂರು ಕೊಟ್ಟವರ ಹೆಸರು, ವಿಳಾಸ, ಇಮೇಲ್ ಎಲ್ಲಾ ಇರುವ ಪ್ರತಿ ಕದ್ದವರ ಕೈಗೆ ಹೋಗುತ್ತದೆ. ತನ್ನ ಚಿತ್ರ ಕದ್ದವನಿಗೆ ತನ್ನ ಮನೆ ವಿಳಾಸ ಕೊಡಬೇಕಾದ ಹೆಣ್ಣುಮಗಳು ಆ ಫಾರಂ ತುಂಬುತ್ತಾಳಾ? ಪರವಾಗಿ ವಕೀಲರೋ ಏಜೆಂಟರೋ ದೂರು ಕೊಡಲು ಅವಕಾಶ ಇದೆ. ಸಾಧ್ಯವಾದರೆ ಹಾಗೇ ಮಾಡಿ ಅಂತ ನಾನು ಹೇಳುತ್ತೇನೆ.

ಅಮೆರಿಕದ ಆ 1,50,000 ಡಾಲರ್ ನೋಡಿ ಆಸೆ ಪಡುವಂತಿಲ್ಲ. ಹೊರದೇಶದ ಕೃತಿಗೆ ಅಲ್ಲಿ ದಾವೆ ಹೂಡಲು ನೋಂದಣಿ ಬೇಕಾಗಿಲ್ಲ. ಆದರೆ ಆ ರೀತಿಯ ನಿಗದಿತ ಪರಿಹಾರ ಬೇಕಿದ್ದರೆ ಕೃತಿಯನ್ನು ಅಮೆರಿಕದ ಕಾಪಿರೈಟ್ ಕಚೇರಿಯಲ್ಲಿ ಸಮಯಕ್ಕೆ ಸರಿಯಾಗಿ ನೋಂದಾಯಿಸಿರಬೇಕು. ನಮ್ಮ ಫೋಟೋಗ್ರಾಫರುಗಳಲ್ಲಿ ಎಷ್ಟು ಜನ ಅದನ್ನು ಮಾಡಿಸಿರುತ್ತಾರೆ?

ನಮ್ಮ ಕಾನೂನಿನಲ್ಲಿ ಒಂದು ದಾರಿ ಇದೆ, ಅದನ್ನು ಬಳಸುವವರು ಕಡಿಮೆ. 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 52(1)(ಸಿ) ಮತ್ತು 2013ರ ನಿಯಮಗಳ 75ನೇ ನಿಯಮ. ಹಕ್ಕುದಾರರು ಲಿಖಿತ ದೂರು ಕೊಟ್ಟರೆ, ಅದರಲ್ಲಿ ಹುರುಳಿದೆ ಅನಿಸಿದರೆ ವೇದಿಕೆ 36 ಗಂಟೆಯೊಳಗೆ ಆ ಪ್ರತಿಗೆ ತಡೆ ಹಾಕಬೇಕು. ತಡೆ 21 ದಿನ ಇರುತ್ತದೆ. ಅಷ್ಟರಲ್ಲಿ ಕೋರ್ಟಿನ ಆದೇಶ ತರದಿದ್ದರೆ ವೇದಿಕೆ ಮತ್ತೆ ತೆರೆಯಬಹುದು. 2016ರಲ್ಲಿ ದೆಹಲಿ ಹೈಕೋರ್ಟ್ ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣದ ಪ್ರಕರಣದಲ್ಲಿ ಒಂದು ಮುಖ್ಯ ಮಾತು ಹೇಳಿತು. ಎಲ್ಲೋ ಕದ್ದ ಹಾಡು ಇರಬಹುದು ಅನ್ನುವ ಸಾಮಾನ್ಯ ತಿಳಿವಳಿಕೆ ಸಾಲದು, ಯಾವ ಕೃತಿ ಎಲ್ಲಿದೆ ಅಂತ ನಿರ್ದಿಷ್ಟವಾಗಿ ತಿಳಿಸಿರಬೇಕು. ಹಾಗಾಗಿ ಇಲ್ಲೂ ಲಿಂಕ್ ಬೇಕು.

ನ್ಯಾಶ್‌ವಿಲ್ ಆದೇಶ ಓದಿದ ಮೇಲೆ ದಾಖಲೆ ಇಟ್ಟುಕೊಳ್ಳುವ ಬಗ್ಗೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಕದ್ದ ಪ್ರತಿಯ ಸ್ಕ್ರೀನ್‌ಶಾಟ್ ಎಲ್ಲರೂ ಇಟ್ಟುಕೊಳ್ಳುತ್ತಾರೆ. ಅದರಷ್ಟೇ ಬೆಲೆಬಾಳುವುದು ಸಮಯದ ದಾಖಲೆ. ನೋಟಿಸ್ ಯಾವ ತಾರೀಖು ಎಷ್ಟು ಗಂಟೆಗೆ ಹೋಯಿತು, ಬಂದ ಆಟೋಮ್ಯಾಟಿಕ್ ಉತ್ತರದಲ್ಲಿ ದೂರಿನ ಸಂಖ್ಯೆ ಎಷ್ಟು, 36 ಗಂಟೆ ಕಳೆದ ಮೇಲೆ ಅದೇ ಲಿಂಕ್ ಇನ್ನೂ ತೆರೆಯುತ್ತಿತ್ತಾ, ಅದೇ ಖಾತೆ ಮೊದಲೂ ಹೀಗೆ ಮಾಡಿತ್ತಾ, ಆ ಖಾತೆಗೆ ನೀಲಿ ಟಿಕ್ ಇತ್ತಾ. ಮೂಲ ಫೈಲನ್ನು ಅದರ ತಾರೀಖಿನ ಸಮೇತ ಅಳಿಸದೆ ಇಡಬೇಕು. ಭಾರತದಲ್ಲಿ ಕಾಪಿರೈಟ್‌ಗೆ ನೋಂದಣಿ ಕಡ್ಡಾಯ ಅಲ್ಲ, ಆದರೆ ಕೃತಿ ನಿಮ್ಮದು ಅಂತ ತೋರಿಸುವ ಕೆಲಸ ನಿಮ್ಮದೇ.

21 ದಿನದೊಳಗೆ ಕೋರ್ಟಿಗೆ ಹೋಗಬೇಕಾಗಿ ಬಂದರೆ ಕ್ಯಾಲಿಫೋರ್ನಿಯಾಕ್ಕೋ ದೆಹಲಿಗೋ ಹೋಗಬೇಕು ಅಂತ ಹೆದರಬೇಡಿ. ಅದೇ ಕಾಯ್ದೆಯ ಸೆಕ್ಷನ್ 62 ಹಕ್ಕುದಾರರು ತಾವು ವಾಸವಿರುವ ಅಥವಾ ವ್ಯವಹಾರ ನಡೆಸುವ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹೂಡಲು ಬಿಡುತ್ತದೆ. ಧಾರವಾಡದವರು ಧಾರವಾಡದಲ್ಲಿ, ಉಡುಪಿಯವರು ಉಡುಪಿಯಲ್ಲಿ. ವ್ಯಾಜ್ಯದ ಮೌಲ್ಯ 3 ಲಕ್ಷ ರೂಪಾಯಿ ಅಥವಾ ಜಾಸ್ತಿ ಇದ್ದರೆ ಅದು ವಾಣಿಜ್ಯ ನ್ಯಾಯಾಲಯದ ಮುಂದೆ ಬರುತ್ತದೆ. ಅಲ್ಲಿ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಬೇಕು ಅನ್ನುವ ನಿಯಮ ಇದೆ, ತುರ್ತು ತಡೆಯಾಜ್ಞೆ ಕೇಳುವವರಿಗೆ ಮಾತ್ರ ಅದರಿಂದ ವಿನಾಯಿತಿ. ಥಿಯೇಟರಿನಲ್ಲಿ ಓಡುತ್ತಿರುವ ಸಿನಿಮಾ ಆಗಲೇ ಸಾವಿರಾರು ಜನ ನೋಡುತ್ತಿರುವ ಲಿಂಕಿನಲ್ಲಿದ್ದರೆ, ಅದು ಎಷ್ಟು ತುರ್ತು ಅಂತ ಆ ಸಮಯದ ದಾಖಲೆಯೇ ನ್ಯಾಯಾಧೀಶರಿಗೆ ಹೇಳುತ್ತದೆ.